ಬೂದಿ ಗೆರೆ

ನಮ್ಮೂರಿನಲ್ಲಿ ನೀರಿನ ವಿಷಯಕ್ಕೆ ಮನುಷ್ಯರ ಮಾತು ನಡೆಯುವುದಿಲ್ಲ. ನೀರು ನಾರುತ್ತಿದೆ, ಕಹಿಯಾಗಿದೆ, ಕುಡಿದು ಹೊಟ್ಟೆ ಕೆಟ್ಟಿತು ಎಂದು ನೀವು ಹೊಳೆಗೆ ಇಳಿಯುವ ಘಟ್ಟದ ಮೆಟ್ಟಿಲ ಮೇಲೆ ನಿಂತು ಗಂಟಲು ಹರಿದುಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಹೇಳಬೇಕಾದ್ದು ಜೀವವಿರುವ ಕಪ್ಪೆಚಿಪ್ಪು. ಮನೆಗೊಂದು ಚಿಪ್ಪು, ಮನೆಗೊಂದು ದಾರ. ದಾರದ ತುದಿಗೆ ಕಟ್ಟಿದ ಬಲೆಚೀಲದೊಳಗೆ ಕೂತು ಚಿಪ್ಪು ತನ್ನ ಬೀದಿಯ ಘಟ್ಟದ ಕೆಳಗೆ ಹೊಳೆಯಲ್ಲಿ ತೂಗುತ್ತಿರುತ್ತದೆ, ದಿನವೂ ತನ್ನ ಅಂಚಿನಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತದೆ. ನೀರು ಚೆನ್ನಾಗಿದ್ದರೆ ಬಿಳಿ ಗೆರೆ, ತಾಮ್ರ ಸೇರಿದ್ದರೆ ಹಸಿರು, ಸೀಸ ಸೇರಿದ್ದರೆ ಬೂದಿ. ಹುಣ್ಣಿಮೆಯ ಬೆಳಿಗ್ಗೆ ಊರಿನ ಯಜಮಾನರು ಒಂದೊಂದೇ ಘಟ್ಟಕ್ಕೆ ಇಳಿದು, ದಾರದ ತುದಿಯಲ್ಲಿ ಇರುವುದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಅವರು ಓದಿದ್ದು ಊರಿನ ಮಾತು, ಅದರ ಮೇಲೆ ಇನ್ನೊಂದು ಮಾತಿಲ್ಲ.

ಹೊರಗಿನಿಂದ ಸೊಸೆಯಾಗಿ ಬಂದವರು ಮೊದಲ ವರ್ಷ ಇದನ್ನೆಲ್ಲ ಕಂಡು ನಗುತ್ತಾರೆ. ಎರಡನೇ ವರ್ಷ ಅವರೇ ಹಬ್ಬದ ದಿನ ಚಿಪ್ಪಿಗೆ ಎಡೆ ಇಟ್ಟು ಆಮೇಲೆ ಗಂಡನಿಗೆ ಬಡಿಸುತ್ತಾರೆ. ಮದುವೆಗೆ ಕರೆಯಲು ಬಂದವರು ಮನೆಯವರಿಗೆ ಅರಿಶಿನ ಕುಂಕುಮ ಕೊಟ್ಟ ಮೇಲೆ ಘಟ್ಟಕ್ಕೆ ಹೋಗಿ ಆ ಮನೆಯ ದಾರಕ್ಕೂ ಒಂದು ಚಿಟಿಕೆ ಅಕ್ಷತೆ ಹಾಕಿ ಬರಬೇಕು, ಹಾಕದಿದ್ದರೆ ಕರೆದ ಲೆಕ್ಕವಿಲ್ಲ. ಚಿಪ್ಪುಗಳಿಗೆ ಹೆಸರೂ ಉಂಟು. ನಮ್ಮ ಮನೆಯದು ದೊಡ್ಡವ್ವ. ನನ್ನ ಬೀಗಿತ್ತಿ ಹೊಂಬಾಳಮ್ಮನ ಮನೆಯದು ಚಿನ್ನಿ.

ನನ್ನ ಹೆಸರು ಚೌಡಮ್ಮ. ಮೇಲುಬೀದಿಯ ನಮ್ಮ ಮನೆಯ ಮುಂಭಾಗದಲ್ಲೇ ನನ್ನದೊಂದು ಮೆಸ್ಸಿದೆ. ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಮೆಸ್ಸಿನಿಂದ ಬಂದದ್ದು. ಹಾಲಿನಲ್ಲಿ ನೀರು, ಬೇಳೆಯಲ್ಲಿ ಕಲ್ಲು, ಮೆಣಸಿನಲ್ಲಿ ಪಪಾಯಿ ಬೀಜ, ಒಳ್ಳೆಯ ಎಣ್ಣೆಯಲ್ಲಿ ಹೆಸರಿಲ್ಲದ ಎಣ್ಣೆ, ಇವುಗಳ ನಡುವೆ ಬದುಕಿದವಳು ನಗುನಗುತ್ತಾ ಮಾತಾಡಿಸಿದವರನ್ನು ಮೊದಲು ಅನುಮಾನಿಸುತ್ತಾಳೆ. ನಿನ್ನ ಕಣ್ಣಿಗೆ ದೇವರೂ ಕಲಬೆರಕೆಯಾಗಿಯೇ ಕಾಣುತ್ತಾನೆ ಎಂದು ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದರು. ಅವರನ್ನೂ ನಾನು ಪೂರ್ತಿ ನಂಬಿರಲಿಲ್ಲ.

ಒಬ್ಬಳೇ ಮಗಳು ಸುಗುಣ. ಅವಳನ್ನು ಕೆಳಬೀದಿಯ ಹೊಂಬಾಳಮ್ಮನ ಮಗ ಬೋರೇಶನಿಗೆ ಕೊಟ್ಟಿದ್ದೆ. ಬೋರೇಶ ಗೂಡ್ಸ್ ಆಟೋ ಓಡಿಸುತ್ತಾನೆ, ಮಾತು ಕಡಿಮೆ, ಕೆಟ್ಟ ಚಟವಿಲ್ಲ. ಆ ಸಂಬಂಧದಲ್ಲಿ ನನಗೆ ಹಿಡಿಸದಿದ್ದದ್ದು ಬೀದಿಯೊಂದೇ. ಕೆಳಬೀದಿಯ ಘಟ್ಟಕ್ಕೆ ಸ್ವಲ್ಪ ಮೇಲೆ ಗುರುಮಲ್ಲಪ್ಪ ಸಾಹುಕಾರರ ಭಟ್ಟಿಯಿದೆ. ಊರೂರಿನಿಂದ ಲಾರಿಯಲ್ಲಿ ಹಳೆಯ ಬ್ಯಾಟರಿಗಳು ಬರುತ್ತವೆ, ಭಟ್ಟಿಯಲ್ಲಿ ಅವುಗಳ ಸೀಸ ಕರಗಿ ಗಟ್ಟಿಗಳಾಗಿ ಹೊರಗೆ ಹೋಗುತ್ತದೆ, ಮಿಕ್ಕಿದ್ದು ಮೋರಿಯಲ್ಲಿ ಹೊಳೆಗೆ ಇಳಿಯುತ್ತದೆ. ಮದುವೆಗೆ ಮೊದಲು ನಾನು ಆ ಘಟ್ಟದ ಓದನ್ನು ಖುದ್ದಾಗಿ ಹೋಗಿ ಕೇಳಿದ್ದೆ. ಎಲ್ಲ ಬಿಳಿಯೇ ಬಂದಿತ್ತು. ಬಿಳಿ ಬಂದ ಮೇಲೆ ಯಾವ ಬಾಯಲ್ಲಿ ಬೇಡವೆನ್ನಲಿ?

ಸುಗುಣಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಒಂದು ಮೂರು ತಿಂಗಳಿಗೇ ಹೋಯಿತು, ಇನ್ನೊಂದು ಕೈಕಾಲು ಮೂಡಿದ ಮೇಲೆ ಹೋಯಿತು. ಈಗ ಮೂರನೆಯದು, ಐದು ತುಂಬಿತ್ತು. ಹುಣ್ಣಿಮೆ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಮೆಸ್ಸಿಗೆ ಬಂದವಳು ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಅಕ್ಕಿರೊಟ್ಟಿ ತಿನ್ನುತ್ತಾ, ನಾನು ಹಾಲಿನವನನ್ನು ಬಯ್ಯುವುದನ್ನು ಕೇಳಿ ಬಾಯಿ ತುಂಬ ನಕ್ಕಳು. ಆಗ ಕಂಡಿತು. ಹಲ್ಲು ಹುಟ್ಟುವ ಜಾಗದಲ್ಲಿ, ವಸಡಿನ ಅಂಚಿಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣದೊಂದು ಬೂದಿ ಗೆರೆ.

“ಬಾಯಿ ತೆಗಿ” ಎಂದೆ.

“ಏನವ್ವಾ ನಿಂದು? ತಿನ್ನಕ್ಕಾರ ಬುಡು.”

“ತೆಗೀತೀಯೋ ಇಲ್ವೋ?”

ತೆಗೆದಳು. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದೆ, ಹೋಗಲಿಲ್ಲ. ಎಲೆಅಡಿಕೆಯ ಕಲೆ ಇರಬೇಕು ಎಂದಳು. ಎಲೆಅಡಿಕೆ ಕಂಡರೆ ವಾಕರಿಕೆ ಬರುವ ಹುಡುಗಿ ಅವಳು. ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಬೂದಿ ಗೆರೆ ಅಂದರೆ ಏನೆಂದು ಗೊತ್ತು. ಆದರೆ ಅದನ್ನು ಚಿಪ್ಪಿನ ಮೇಲೆ ಹುಡುಕುತ್ತೇವೆ, ಮಗಳ ಬಾಯಲ್ಲಿ ಹುಡುಕುವುದಿಲ್ಲ.

“ನೀನು ಇಲ್ಲೇ ಇದ್ಬುಡು. ಆ ಬೀದಿ ನೀರು ಇನ್ಮೇಲೆ ಬ್ಯಾಡ” ಎಂದೆ.

“ನಮ್ಮ ಚಿಪ್ಪು ಬೆಳ್ಳಗೈತೆ ಕಣವ್ವ. ನೀನು ಸುಮ್ ಸುಮ್ನೆ ನಮ್ಮತ್ತೆ ಮೇಲೆ ಏನಾರ ಹಚ್ಬ್ಯಾಡ” ಎಂದು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಹುಣ್ಣಿಮೆಯ ದಿನ ಮೆಸ್ಸಿಗೆ ಬೀಗ ಹಾಕಿ ಕೆಳಘಟ್ಟಕ್ಕೆ ಹೋದೆ. ಯಜಮಾನ ಕೆಂಚಪ್ಪನವರು ಪಂಚೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತು ಒಂದೊಂದೇ ದಾರ ಎತ್ತಿಸಿ ಓದುತ್ತಾ ಹೋದರು. ಬಿಳಿ. ಬಿಳಿ. ಮತ್ತೆ ಬಿಳಿ. ಚಿನ್ನಿಯನ್ನು ಎತ್ತಿದಾಗ ನಾನು ಕುತ್ತಿಗೆ ಚಾಚಿ ನೋಡಿದೆ. ಆಗ ತಾನೇ ಹಿಂಡಿದ ತೆಂಗಿನ ಹಾಲಿನಷ್ಟು ಬಿಳಿ. ಅದೇ ನನ್ನ ತಲೆ ಕೆಡಿಸಿತು. ನಮ್ಮ ಮೇಲುಬೀದಿಯ ಘಟ್ಟ ಹೊಳೆ ಊರಿಗೆ ಬರುವ ಜಾಗದಲ್ಲಿದೆ, ಅದರಾಚೆ ಬರೀ ಗದ್ದೆ. ಅಲ್ಲಿ ಕೂಡ ಮದುವೆಯ ದಿನಗಳಲ್ಲಿ ತಾಮ್ರದ ಕೊಳದಪ್ಪಲೆ ಬೆಳಗಿದರೆ ಚಿಪ್ಪಿಗೆ ಒಂದೆರಡು ಹಸಿರು ಗೆರೆ ಬೀಳುತ್ತದೆ. ಭಟ್ಟಿಯ ಮೋರಿಯ ಬುಡದಲ್ಲಿರುವ ಘಟ್ಟಕ್ಕೆ ಒಂದು ಕಲೆಯೂ ಇಲ್ಲವೇ? ಕಲ್ಲಿಲ್ಲದ ಬೇಳೆ ತಂದು ಸುರಿದವನನ್ನು ನಾನು ಎರಡು ಸಲ ನೋಡುತ್ತೇನೆ.

ಗುರುಮಲ್ಲಪ್ಪನವರು ಮೆಟ್ಟಿಲ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದರು. ಮರುದಿನ ಎಂದಿನಂತೆ ನನ್ನ ಮೆಸ್ಸಿಗೆ ಇಡ್ಲಿಗೆ ಬಂದರು. ಮಾತಿಗೆ ಎಳೆದೆ.

“ಏನ್ ಸಾವ್ಕಾರ್ರೆ, ನಿಮ್ ಘಟ್ಟದ ಚಿಪ್ಪುಗಳು ಸುಣ್ಣ ಹೊಡ್ದಂಗವೆ.”

“ನಮ್ ಭಟ್ಟಿ ಹಂಗೈತೆ ಚೌಡಮ್ಮ. ನಾನೂ ಆ ಘಟ್ಟದ ನೀರೇ ಕುಡಿಯೋದು. ಬೇರೆ ನೀರು ತರ್ಸಕ್ಕೆ ನಂಗೇನು ಗತಿಯಿಲ್ವಾ?”

“ನಮ್ ಸುಗುಣನ ವಸಡಲ್ಲಿ ಗೆರೆ ಬಂದೈತೆ.”

ಅವರು ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು. ಆಮೇಲೆ ನಕ್ಕರು. “ಬಾಯಿ ಮಾತೇ ನಡೆಯಲ್ಲ, ಇನ್ನು ಬಾಯಲ್ಲಿರೋ ಗೆರೆ ನಡೀತದಾ? ಚಿಪ್ಪು ಹೇಳ್ಲಿ, ಇವತ್ತೇ ಬೆಂಕಿ ಆರಿಸ್ತೀನಿ.”

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತನ್ನು ಅಷ್ಟು ಬೇಗ ಆಡಿದ್ದು ಮಾತ್ರ ನನಗೆ ಸರಿಯೆನಿಸಲಿಲ್ಲ. ಅವರು ಹೋದ ಮೇಲೆ ಸಾಂಬಾರಿಗೆ ಸೌಟು ಹಾಕಿ ತಿರುವುತ್ತಾ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಜಾಲಿಸಿದೆ. ಯಜಮಾನರ ಕೈ ಬಿಸಿಯಾಗಿರಬಹುದೇ? ಅವರ ಮನೆಯ ಮುರುಕು ಬಾಗಿಲು ನೋಡಿದರೆ ಹಾಗನ್ನಿಸದು. ಹೊಂಬಾಳಮ್ಮ? ಹೋದ ವರ್ಷ ಮನೆಗೆ ಹೊಸ ಹೆಂಚು ಹೊದಿಸಿದ್ದರು. ಆಟೋ ಓಡಿಸುವ ಮಗನ ಮನೆಗೆ ಅಷ್ಟು ಹೆಂಚು ಎಲ್ಲಿಂದ ಬಂತು? ನನ್ನ ಮಗಳನ್ನು “ನಮ್ಮ ಕೂಸು” ಎಂದೇ ಕರೆಯುವ ಹೆಂಗಸು. ಬೆಳಿಗ್ಗೆ ಎದ್ದರೆ ಅತ್ತೆಯೇ ಕೈಯಾರೆ ಏನೋ ಕುಡಿಸುತ್ತಾರೆ ಎಂದು ಸುಗುಣ ಹಿಗ್ಗಿ ಹೇಳಿದ್ದಳು. ಅತ್ತೆಯೊಬ್ಬಳು ಸೊಸೆಗೆ ಅಷ್ಟು ಪ್ರೀತಿ ತೋರಿಸುವುದು ನಾನು ಬೇರೆಲ್ಲೂ ಕಂಡದ್ದಿಲ್ಲ. ಅವತ್ತು ಸಾಂಬಾರು ತಳ ಹಿಡಿಯಿತು.

ಅಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ, ಉಂಡ ಜನ ಅಡ್ಡಾಗುವ ಹೊತ್ತಿಗೆ, ಮಗಳಿಗೆ ಹುಳಿಯವಲಕ್ಕಿ ಕೊಡುವ ನೆಪ ಮಾಡಿಕೊಂಡು ಹೊರಟವಳು ನೆಟ್ಟಗೆ ಕೆಳಘಟ್ಟಕ್ಕೆ ಇಳಿದೆ. ಇನ್ನೊಂದು ಮನೆಯ ದಾರ ಮುಟ್ಟುವುದು ನಮ್ಮಲ್ಲಿ ಇನ್ನೊಬ್ಬರ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ. ಆದರೂ ಮಗಳ ಮನೆಯ ದಾರವಲ್ಲವೇ ಎಂದು ಸಮಾಧಾನ ಮಾಡಿಕೊಂಡು ಎಳೆದೆ. ತೂಕವಿತ್ತು. ಬಲೆಚೀಲ ಮೇಲೆ ಬಂತು. ಒಳಗೆ ಚಿನ್ನಿ ಇರಲಿಲ್ಲ. ಚಿಪ್ಪಿನಷ್ಟೇ ಗಾತ್ರದ ನುಣ್ಣನೆಯ ಗುಂಡುಕಲ್ಲು ಇತ್ತು.

ಪಕ್ಕದ ದಾರ ಎಳೆದೆ. ಕಲ್ಲು. ಅದರ ಪಕ್ಕದ್ದೂ ಕಲ್ಲು. ಆ ಘಟ್ಟದಲ್ಲಿ ಒಂದೇ ಒಂದು ಚಿಪ್ಪಿರಲಿಲ್ಲ. ಇಡೀ ಬೀದಿಯ ಸಾಕ್ಷಿಯನ್ನು ಯಾರೋ ಕದ್ದು, ಹುಣ್ಣಿಮೆಯ ದಿನಕ್ಕೆ ಬೇರೆ ಬಿಳಿ ಚಿಪ್ಪು ತಂದು ತುಂಬುತ್ತಿದ್ದಾರೆ ಎಂದುಕೊಂಡೆ. ಯಾರೋ ಅಂದರೆ ಯಾರು, ಸಾಹುಕಾರರೇ. ಅವರ ಜೊತೆ ಒಳಗಿನಿಂದ ಕೈ ಜೋಡಿಸಿದವರು ಹೊಸ ಹೆಂಚಿನ ಮನೆಯವರು. ನನ್ನ ಅನುಮಾನ ನಿಜವಾಯಿತು ಎಂದು ಒಂದು ಗಳಿಗೆ ಖುಷಿಯೂ ಆಯಿತೆಂದರೆ ನಾಚಿಕೆಯಾಗುತ್ತದೆ. ಆ ಕಲ್ಲನ್ನು ಮಡಿಲಿಗೆ ಹಾಕಿಕೊಂಡು ಬೀಗಿತ್ತಿಯ ಮನೆಗೆ ನಡೆದೆ.

ಮುಂಬಾಗಿಲು ತೆರೆದೇ ಇತ್ತು. ಸುಗುಣ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು, ಒಂದು ಕೈ ಹೊಟ್ಟೆಯ ಮೇಲಿತ್ತು. ಹಿತ್ತಿಲಿನಿಂದ ಯಾರೋ ಮೆಲುದನಿಯಲ್ಲಿ ಮಾತಾಡುವುದು ಕೇಳಿತು. ಹೋಗಿ ನೋಡಿದರೆ ಹೊಂಬಾಳಮ್ಮ ಕಲ್ಲಿನ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮುಚ್ಚಿದ್ದ ಹಲಗೆ ಸರಿಸಿ, ನೀರಿನೊಳಗೆ ಕೈಯಾಡಿಸುತ್ತಾ ಹೇಳುತ್ತಿದ್ದರು. “ಇನ್ ವಸಿ ದಿನ ಕಣವ್ವ ಚಿನ್ನಿ. ಆಮೇಕೆ ಹೊಳೆಗೆ ಹೋಗೀಯಂತೆ. ಈಗ ತಣ್ಣಗೆ ಮಲಗು.”

ನಾನು ಕಲ್ಲನ್ನು ತೊಟ್ಟಿಯ ಅಂಚಿನ ಮೇಲೆ ಸದ್ದಾಗುವಂತೆ ಇಟ್ಟೆ. ಹೊಂಬಾಳಮ್ಮ ತಿರುಗಿ ನೋಡಿದರು. ಬೆಚ್ಚಿದರೇ ಹೊರತು ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ ಅದಾಗಿರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು.

“ಬೀಗ್ರೆ, ಯಾರ್ಗೂ ಹೇಳ್ಬ್ಯಾಡಿ” ಎಂದರು.

“ಏನ್ ಹೇಳ್ಬಾರ್ದು? ಸಾವ್ಕಾರ್ರು ಹೆಂಚು ಹೊದಿಸ್ಕೊಟ್ಟಿದ್ದನ್ನಾ?”

“ಹೆಂಚು ನಮ್ ತವರೋರು ಕೊಟ್ಟದ್ದು! ಸಾವ್ಕಾರ್ರಿಗೂ ಇದ್ಕೂ ಏನ್ ಸಂಬಂಧ? ನಮ್ ಚಿನ್ನಿಗೆ ಹುಷಾರಿರ್ಲಿಲ್ಲ. ಅಂಚೆಲ್ಲ ಬೂದಿಯಾಗಿ ಬಾಯಿ ಮುಚ್ಕಂಡ್ಬುಟ್ಟಿದ್ಲು. ಮನೆ ಮಗೀಗೆ ಜ್ವರ ಬಂದ್ರೆ ಹೊಳೇಲೇ ನೇತಾಕ್ತೀರಾ ನೀವು? ತಂದು ಮಳೆನೀರಲ್ಲಿ ಮಲಗಿಸ್ತೀನಿ. ಗೆರೆ ಮಾಸಿ ಬೆಳ್ಳಗಾದ್ಮೇಲೆ ಹುಣ್ಣಿಮೆ ಹಿಂದಿನ್ ದಿನ ಬುಟ್ಟು ಬರ್ತೀನಿ.”

“ಪ್ರತಿ ತಿಂಗಳೂ?”

“ಪ್ರತಿ ತಿಂಗಳೂ ಹುಷಾರ್ ತಪ್ತಾಳೆ, ಏನ್ ಮಾಡ್ಲಿ? ನಮ್ಮನೆ ಒಂದರದ್ದೇ ಬೂದಿಯಾದ್ರೆ ಬೀದಿಯೋರು ಏನಂದಾರು? ಇಂಥ ಮನೇಲಿ ಚಿಪ್ಪು ನೋಡ್ಕಳೋದೂ ಗೊತ್ತಿಲ್ಲ ಅನ್ನಲ್ವಾ?”

“ನಿಮ್ಮನೇದೊಂದೇ ಅಲ್ಲ ಅಕ್ಕ. ಘಟ್ಟದ ತುಂಬ ಕಲ್ಲೇ ತೂಗ್ತಾವೆ” ಎಂದೆ. ಹೊಂಬಾಳಮ್ಮ ಬಾಯಿ ತೆರೆದು ನನ್ನನ್ನೇ ನೋಡಿದರು. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅಷ್ಟು ಮನೆಗಳ ಅಷ್ಟು ಹೆಂಗಸರು, ಒಬ್ಬರಿಗೊಬ್ಬರು ತಿಳಿಯದಂತೆ, ತಾವೊಬ್ಬರೇ ಮಾಡುತ್ತಿದ್ದೇವೆಂದು ಹೆದರುತ್ತಾ, ಮಡಿಲಲ್ಲಿ ಚಿಪ್ಪು ಕಟ್ಟಿಕೊಂಡು ಓಡಾಡಿದ್ದರು. ಪಕ್ಕದ ಮನೆಯ ದಾರ ಯಾರೂ ಮುಟ್ಟುವಂತಿಲ್ಲವಲ್ಲ, ಹಾಗಾಗಿ ಯಾರ ಗುಟ್ಟೂ ಹೊರಬಿದ್ದಿರಲಿಲ್ಲ. ಲಂಚ ಕೊಡದೆ, ಬೆದರಿಸದೆ, ಸಾಹುಕಾರರಿಗೆ ಪ್ರತಿ ಹುಣ್ಣಿಮೆಯೂ ಬಿಳಿ ಸಿಗುತ್ತಿತ್ತು.

ನನ್ನ ಸಿಟ್ಟು ಇಳಿಯಿತು. ಆದರೆ ಅನುಮಾನಕ್ಕೆ ಇಳಿಯುವ ಅಭ್ಯಾಸವಿಲ್ಲ. ತೊಟ್ಟಿಯೊಳಗೆ ಬಿಳಿಯಾಗುತ್ತಿದ್ದ ಚಿನ್ನಿಯನ್ನೇ ನೋಡುತ್ತಾ ಕೇಳಿದೆ.

“ಅಂಚಿಂದ ಗೆರೆ ಹೋಯ್ತು, ಸರಿ. ಹೋಗಿದ್ದು ಎಲ್ಲಿಗೆ ಹೋಯ್ತು?”

“ಎಲ್ಲಿಗೆ ಅಂದ್ರೆ? ವಾಸಿಯಾಯ್ತು.”

“ಈ ನೀರು ಏನ್ ಮಾಡ್ತೀರಿ?”

ಹೊಂಬಾಳಮ್ಮನ ಮುಖ ಅರಳಿತು. “ಇದು ತೀರ್ಥ ಅಲ್ವಾ ಬೀಗ್ರೆ! ಚಿಪ್ಪಿನ ಕಾಯಿಲೆ ವಾಸಿ ಮಾಡಿದ್ ನೀರು. ನಮ್ಮತ್ತೆ ಕಾಲದಿಂದ್ಲೂ ಬಸುರೀರಿಗೆ ಇದ್ನೇ ಕೊಡೋದು. ನಮ್ ಕೂಸಿಗೆ ದಿನಾ ಬೆಳಿಗ್ಗೆ ಒಂದು ಲೋಟ ನಾನೇ ಕುಡಿಸ್ತೀನಿ. ಹಿಂದಿನ್ ಎರಡು ಸಲಾನೂ ಒಂದಿನಾನೂ ತಪ್ಸಿಲ್ಲ.”

ನಾನು ತೋಳು ಪೂರ್ತಿ ಇಳಿಬಿಟ್ಟು ತೊಟ್ಟಿಯ ತಳಕ್ಕೆ ಕೈ ಹಾಕಿದೆ. ತಳದಲ್ಲಿ ಗಸಿ ಕೂತಿತ್ತು. ನುಣ್ಣಗೆ ಅರೆದ ಹಿಟ್ಟಿನಂಥ ಬೂದಿ ಬಣ್ಣದ ಕೆಸರು. ಒಂದು ಹಿಡಿ ತೆಗೆದೆ. ದಿನಾ ಹಿಟ್ಟು ನಾದುವ ಕೈ ನನ್ನದು, ಒಂದು ಹಿಡಿ ಮಣ್ಣು ಇಷ್ಟು ಭಾರ ಇರುವುದಿಲ್ಲ ಎಂದು ಹೇಳಲು ತಕ್ಕಡಿ ಬೇಕಿರಲಿಲ್ಲ. ಅದನ್ನು ಹೊಂಬಾಳಮ್ಮನ ಅಂಗೈಗೆ ಹಾಕಿದೆ. ಅವರು ಅದನ್ನು ಹೆಬ್ಬೆರಳಿನಿಂದ ತಿಕ್ಕಿದರು. ಅಂಗೈಯ ಗೆರೆಗಳೆಲ್ಲ ಬೂದಿಯಾದವು. ತುಂಬ ಹೊತ್ತು ಅಂಗೈ ನೋಡಿದರು, ಒಮ್ಮೆ ನಡುಮನೆಯ ಕಡೆ ತಿರುಗಿದರು, ಮತ್ತೆ ಅಂಗೈ ನೋಡಿದರು. ಅಳಲಿಲ್ಲ. ಗೂಡಿನಲ್ಲಿದ್ದ ಹಿತ್ತಾಳೆ ಲೋಟ ತೆಗೆದು, ತೊಟ್ಟಿಯ ತಳದಿಂದ ಗಸಿ ಸಮೇತ ಮೊಗೆದು ಬಾಯಿಗೆತ್ತಿಕೊಂಡರು. ನಾನು ಅವರ ಕೈಗೆ ಹೊಡೆದೆ. ಲೋಟ ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು, ಆ ಸದ್ದಿಗೆ ಸುಗುಣ ಎದ್ದು ಬಂದಳು.

“ಎರಡನ್ನೂ ನಾನೇ ತಿಂದ್ಕಂಡೆ ಕಣವ್ವ” ಎಂದು ಹೊಂಬಾಳಮ್ಮ ಸೊಸೆಯ ಕಾಲು ಹಿಡಿಯಲು ಹೋದರು. ಸುಗುಣಳಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅವಳು ಅತ್ತೆಯನ್ನು ಬಯ್ಯಲಿಲ್ಲ, ಬಾಗಿಲಿಗೆ ಒರಗಿಕೊಂಡು ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಳು. ಹೊಂಬಾಳಮ್ಮನನ್ನು ಬಯ್ಯಲು ಅಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನನಗೆ ಉಪಯೋಗಕ್ಕೆ ಬರಲಿಲ್ಲ. ನಾನೂ ಅವರೂ ಹಿತ್ತಿಲಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಅತ್ತೆವು.

ಸಂಜೆಗೆ ಒಂದು ಬಾಳೆಲೆಯಲ್ಲಿ ಆ ಗಸಿ ಕಟ್ಟಿಕೊಂಡು ಯಜಮಾನರ ಮನೆಗೆ ಹೋದೆ. ಹೊಂಬಾಳಮ್ಮನ ಹೆಸರು ಎತ್ತಲಿಲ್ಲ. ಸಾಕ್ಷಿ ಕೆಡಿಸಿದ ಮನೆಯ ದಾರ ಕತ್ತರಿಸುತ್ತಾರೆ, ದಾರವಿಲ್ಲದ ಮನೆಗೆ ಊರಿನ ಯಾವ ಘಟ್ಟದಲ್ಲೂ ನೀರಿಲ್ಲ. ಇಡೀ ಕೆಳಬೀದಿ ಕೊಡ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಕೆಳಘಟ್ಟದ ಕಡೆ ಸಿಕ್ಕಿತು ಎಂದಷ್ಟೇ ಹೇಳಿ ಎಲೆ ಬಿಚ್ಚಿದೆ. ಕೆಂಚಪ್ಪನವರು ಗಸಿಯನ್ನು ಮುಟ್ಟಿ ನೋಡಿದರು, ಮೂಸಿ ನೋಡಿದರು, ತೂಗಿ ನೋಡಿದರು. ಮುಖ ಸಣ್ಣದಾಯಿತು.

“ಚೌಡವ್ವ, ಕೆಸರು ಎಲ್ಲಿಂದ ಬೇಕಾದ್ರೂ ತರಬೋದು. ಕೆಸರಿಗೆ ಮನೆಯಿಲ್ಲ, ದಾರವಿಲ್ಲ. ನಾನು ಇದ್ನ ಓದಿದ್ರೆ ನಾಳೆ ಯಾರ್ ಬೇಕಾದ್ರೂ ಯಾರ್ ಮನೆ ಮುಂದೆ ಬೇಕಾದ್ರೂ ಒಂದು ಹಿಡಿ ಸುರೀತಾರೆ.”

“ಹಂಗಾದ್ರೆ ನನ್ ಮಗಳ ಗತಿ?”

“ದಾರದ ತುದೀಲಿ ಬಂದ್ರೆ ಓದ್ತೀನವ್ವ. ಬರ್ದೆ ಇದ್ರೆ ನನ್ ಕೈ ಕಟ್ಟಿದೆ.”

ಅವರೂ ಸಾಹುಕಾರರ ಕಡೆಯವರಿರಬಹುದೇ ಎಂಬ ಹಳೆಯ ಅನುಮಾನ ದಾರಿಯುದ್ದಕ್ಕೂ ಕಾಡಿತು. ಬೀಗಿತ್ತಿಯ ಮನೆಗೆ ಬಂದು ಅವರು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಅಷ್ಟು ಹೊತ್ತಿಗೆ ಕೆಳಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಜಗಲಿಯ ಮೇಲೆ ಸೇರಿದ್ದರು, ಹೊಂಬಾಳಮ್ಮನೇ ಮನೆಮನೆಗೆ ಹೋಗಿ ಕರೆದಿದ್ದರು. ಮೊದಲು ಎಲ್ಲರೂ ಅಲ್ಲವೆಂದೇ ವಾದಿಸಿದರಂತೆ. ಆಮೇಲೆ ಒಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತನ್ನ ಹಿತ್ತಿಲಿನ ಹಂಡೆಯ ಸುದ್ದಿ ಹೇಳಿದಳು, ಹಿಂದೆಯೇ ಉಳಿದವರೂ ಹೇಳಿದರು. ಒಬ್ಬರ ಬಾಯನ್ನು ಇನ್ನೊಬ್ಬರು ನೋಡಿಕೊಂಡರು. ಚಿಪ್ಪುಗಳನ್ನು ಗೆರೆಯ ಸಮೇತ ಹೊಳೆಗೆ ಬಿಟ್ಟು ಬಿಡೋಣ ಎಂದು ನಾನು ಹೇಳಿದೆ. ಅವು ಈಗಾಗಲೇ ಅರ್ಧ ಬೆಳ್ಳಗಾಗಿವೆ, ಹುಣ್ಣಿಮೆಗೆ ಒಂದೆರಡು ಗೆರೆ ಬಿದ್ದರೆ ಸಾಹುಕಾರರು ಯಾವುದೋ ಒಂದು ದಿನದ ತಪ್ಪು ಎಂದು ತೇಲಿಸಿಬಿಡುತ್ತಾರೆ ಎಂದು ಒಬ್ಬರು ಅಂದರು. ಇನ್ನೊಂದು ತಿಂಗಳು ಕಾಯಲು ಸುಗುಣಳ ಹೊಟ್ಟೆ ಕೇಳುವುದಿಲ್ಲ.

ಹೊಂಬಾಳಮ್ಮ ತಲೆಯೆತ್ತಿದರು. “ಯಜಮಾನ್ರು ಏನಂದ್ರು ಬೀಗ್ರೆ? ಇನ್ನೊಂದ್ಸಲ ಹೇಳಿ.”

“ದಾರದ ತುದೀಲಿ ಬಂದ್ರೆ ಓದ್ತೀನಿ ಅಂದ್ರು.”

“ಚಿಪ್ಪೇ ಬರ್ಬೇಕು ಅಂದ್ರಾ?”

ನಾನು ನೆನಪು ಮಾಡಿಕೊಂಡೆ. ಹಾಗೆ ಅಂದಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಯಜಮಾನರು ಬರುವ ಮೊದಲೇ ಕೆಳಬೀದಿಯ ಹೆಂಗಸರು ಘಟ್ಟಕ್ಕೆ ಇಳಿದಿದ್ದರು. ಬಲೆಚೀಲಗಳನ್ನು ಬಿಚ್ಚಿ ಗುಂಡುಕಲ್ಲುಗಳ ಸಮೇತ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದರು. ದಾರದ ತುದಿಯನ್ನು ಒಬ್ಬೊಬ್ಬರೂ ತಮ್ಮ ಬಲಗೈ ಮಣಿಕಟ್ಟಿಗೆ ಕಟ್ಟಿಕೊಂಡು, ಬಲೆಚೀಲ ತೂಗುವ ಜಾಗದಲ್ಲೇ ಸೊಂಟದವರೆಗಿನ ನೀರಿನಲ್ಲಿ ಹೊಳೆಗೆ ಬೆನ್ನು ಹಾಕಿ ನಿಂತಿದ್ದರು. ಮೊದಲು ಹೊಂಬಾಳಮ್ಮ. ಸುಗುಣಳಿಗೆ ಚಿನ್ನಿಯ ದಾರದ ಇನ್ನೊಂದು ಎಳೆ ಕಟ್ಟಿದ್ದರು, ಅವಳು ಅತ್ತೆಯ ಭುಜ ಹಿಡಿದುಕೊಂಡಿದ್ದಳು. ಆರು ತುಂಬಿದ ಬಸುರಿ ತಣ್ಣೀರಿನಲ್ಲಿ ನಿಲ್ಲುವುದು ಬೇಡವೆಂದು ನಾನು ಬೇಡಿಕೊಂಡಿದ್ದೆ. ಕೇಳಲಿಲ್ಲ.

ಯಜಮಾನರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಗುರುಮಲ್ಲಪ್ಪನವರು ಕಟ್ಟಿದ ಕೈ ಬಿಚ್ಚಿದರು. “ಏನ್ರವ್ವ ಇದು, ನಾಟ್ಕ? ಮನುಷ್ಯರ ಮಾತು ನಡೆಯಲ್ಲ ಅಂತ ಗೊತ್ತಿಲ್ವಾ?” ಎಂದರು. ಹೊಂಬಾಳಮ್ಮ ಕೈ ಎತ್ತಿ ದಾರ ತೋರಿಸಿದರು. ಆಮೇಲೆ ಬಾಯಿ ತೆರೆದು, ಎರಡು ಬೆರಳಿನಿಂದ ತುಟಿ ಎತ್ತಿ ಹಿಡಿದರು. ಅವರ ಪಕ್ಕದವಳು ತೆರೆದಳು. ಅವಳ ಪಕ್ಕದವಳೂ ತೆರೆದಳು. ನನ್ನ ಮಗಳೂ ತೆರೆದಳು. ಅಷ್ಟು ಹೆಂಗಸರು ಬಿಸಿಲಿಗೆ ಬಾಯಿ ತೆರೆದು ಒಂದು ಸೊಲ್ಲೂ ಎತ್ತದೆ ನಿಂತದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಕೆಂಚಪ್ಪನವರು ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದರು. ಹೊಂಬಾಳಮ್ಮನ ಮಣಿಕಟ್ಟಿನ ಗಂಟು ಮುಟ್ಟಿ ನೋಡಿದರು. ಬಾಗಿ ಬಾಯೊಳಗೆ ನೋಡಿದರು. ಎದ್ದು ನಿಂತು, ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಿದರು. “ಹೊಂಬಾಳಮ್ಮನ ಮನೆ. ಬೂದಿ.”

“ಯಜಮಾನ್ರೆ!” ಎಂದು ಸಾಹುಕಾರರು ಕೂಗಿದರು.

“ದಾರದ ತುದೀಲಿ ಇರೋದ್ನ ಓದ್ತಾ ಇದೀನಿ. ಮುಂದಿನ್ ಮನೆ. ಬೂದಿ.”

ಹೀಗೆ ಸಾಲಿನ ಕೊನೆಯವರೆಗೂ ಹೋದರು. ಎಲ್ಲೂ ಬಿಳಿ ಎನ್ನಲಿಲ್ಲ. ಗಟ್ಟಿಯಾಗಿ ಓದುತ್ತಿದ್ದ ದನಿ ಮನೆಯಿಂದ ಮನೆಗೆ ಇಳಿಯುತ್ತಾ ಹೋಯಿತು, ಕಡೆಕಡೆಗೆ ಮೆಟ್ಟಿಲ ಮೇಲಿನವರಿಗೆ ತುಟಿಯ ಅಲುಗಾಟ ಮಾತ್ರ ಕಾಣುತ್ತಿತ್ತು. ಹಿಂತಿರುಗಿ ನೋಡಿದೆ. ನಡುಬೀದಿಯಿಂದಲೂ ಮೇಲುಬೀದಿಯಿಂದಲೂ ಬಂದಿದ್ದ ಹೆಂಗಸರೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗಂಡಸರು ತುಟಿ ಬಿಗಿಹಿಡಿದಿದ್ದರು.

“ನೀವೂ ಆ ನೀರೇ ಕುಡಿಯೋದು ಅಂದ್ರಲ್ಲ ಸಾವ್ಕಾರ್ರೆ, ಒಂದ್ಸಲ ಬಾಯಿ ತೆಗೀರಿ” ಎಂದೆ. ಅವರು ಹೆಗಲ ಮೇಲಿನ ಶಲ್ಯ ಎತ್ತಿ ಬಾಯಿಗೆ ಅಡ್ಡ ಹಿಡಿದರು. ಅವರ ಕಣ್ಣಲ್ಲಿ ಮೊದಲ ಬಾರಿಗೆ ಹೆದರಿಕೆ ಕಂಡಿತು. ಇಷ್ಟು ವರ್ಷ ಆ ಬಿಳಿ ಗೆರೆಗಳನ್ನು ಅವರೂ ನಂಬಿದ್ದರು ಎಂದು ನನಗೆ ಆಗ ಅರ್ಥವಾಯಿತು. ಯಜಮಾನರು ಮೇಲೆ ಬರುವಾಗ ಮೆಟ್ಟಿಲ ಮೇಲಿನ ಗುಂಡುಕಲ್ಲುಗಳ ಸಾಲನ್ನು ಕಂಡು ನಿಂತರು. ಅವು ಅಲ್ಲಿ ಏಕಿವೆ ಎಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಒಂದೊಂದನ್ನೇ ಕಾಲಿನಿಂದ ಹೊಳೆಗೆ ತಳ್ಳಿ ಮನೆಗೆ ಹೋದರು. ಆ ಸಂಜೆ ಭಟ್ಟಿಯ ಬೆಂಕಿ ಆರಿತು.

ಸುಗುಣಳನ್ನು ನನ್ನ ಮನೆಗೆ ಕರೆತಂದೆ. ಹೊಂಬಾಳಮ್ಮ ದಿನಾ ಬರುತ್ತಾರೆ, ಬಾಗಿಲಾಚೆ ಜಗಲಿಯ ಮೇಲೆ ಕೂತು ಸೊಸೆಯನ್ನು ನೋಡಿ ಹೋಗುತ್ತಾರೆ. ಏನನ್ನೂ ತರುವುದಿಲ್ಲ. ಒಂದು ಹೂವನ್ನು ಕೊಡುವುದಕ್ಕೂ ಅವರಿಗೆ ಕೈ ಬರುವುದಿಲ್ಲ. ಒಳಗೆ ಬನ್ನಿ ಅಕ್ಕ ಎಂದು ನಾನೇ ಎಳೆದು ತರಬೇಕು. ಕೆಳಬೀದಿಯವರು ಈಗ ನಮ್ಮ ಮೇಲುಘಟ್ಟದಿಂದ ನೀರು ಒಯ್ಯುತ್ತಾರೆ, ನಮ್ಮ ಬೀದಿಯವರು ಮುಖ ಸಿಂಡರಿಸಿಕೊಂಡೇ ದಾರಿ ಬಿಡುತ್ತಾರೆ. ಭಟ್ಟಿ ಆರಿದ ಮೇಲೆ ಕೆಳಘಟ್ಟದ ನೀರು ತಿಳಿಯಾಯಿತು, ತಳದ ಮರಳು ಕಾಣುವಷ್ಟು. ಜನ ಹಿಗ್ಗಿದರು. ಚಿಪ್ಪುಗಳನ್ನು ಮತ್ತೆ ಕಟ್ಟಿದರು, ಈ ಸಲ ಯಾರೂ ಮನೆಗೆ ತರಲಿಲ್ಲ. ಮುಂದಿನ ಹುಣ್ಣಿಮೆಗೆ ಯಜಮಾನರು ಓದಿದ್ದು ಬೂದಿಯನ್ನೇ. ಸಾಹುಕಾರರು ಕದ್ದು ಉರಿಸುತ್ತಿದ್ದಾರೆಂದು ಗಂಡಸರು ಭಟ್ಟಿಗೆ ನುಗ್ಗಿದರು. ಒಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಕಡೆಗೆ ಕೆಂಚಪ್ಪನವರೇ ಘಟ್ಟದ ಕೆಳಗೆ ಮುಳುಗಿ ಎರಡು ಕೈ ತುಂಬ ಕೆಸರು ತಂದು ಮೆಟ್ಟಿಲ ಮೇಲೆ ಹಾಕಿದರು. ನಾನು ಬಾಳೆಲೆಯಲ್ಲಿ ಒಯ್ದದ್ದೇ ಬಣ್ಣ, ಅದೇ ಭಾರ. ಬೆಂಕಿ ಆರಿದರೂ ಅಷ್ಟು ವರ್ಷದ್ದೆಲ್ಲ ತಳದಲ್ಲಿ ಪದರ ಪದರವಾಗಿ ಕೂತಿತ್ತು, ದಿನಾ ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತಿತ್ತು.

ಆ ಸುದ್ದಿಯನ್ನು ಸುಗುಣಳಿಗೆ ಹೇಳಬಾರದು ಎಂದುಕೊಂಡಿದ್ದೆ. ಮೆಸ್ಸಿನಲ್ಲಿ ಯಾರ ಬಾಯಿಗೆ ಬೀಗ ಹಾಕಲಿ? ತಿಂಡಿಗೆ ಬಂದವರು ಆಡಿಕೊಂಡದ್ದು ಅವಳ ಕಿವಿಗೆ ಬಿತ್ತು. ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಅವಳು ಬಂದು ಎದುರಿಗೆ ಕೂತಳು. ಮುಖದಲ್ಲಿ ಬಣ್ಣ ಬಂದಿತ್ತು, ಹೊಟ್ಟೆ ಮುಂದೆ ಬಂದಿತ್ತು, ಒಳಗಿನ ಕೂಸು ಚೆನ್ನಾಗಿ ಒದೆಯುತ್ತಿತ್ತು. ವಸಡಿನ ಗೆರೆಯೂ ಮಾಸಿತ್ತು, ನಾನು ದಿನಾ ನೋಡುತ್ತಿದ್ದೆ.

“ಅವ್ವಾ, ಗೆರೆ ಹೋಗೈತೆ ಅಲ್ವಾ?” ಎಂದಳು.

“ಹೂಂ ಕಣವ್ವ. ಹೆಚ್ಚೂಕಮ್ಮಿ ಹೋಗೈತೆ.”

ಅವಳು ಅಕ್ಕಿಯಲ್ಲಿ ಬೆರಳಾಡಿಸಿದಳು. “ಹೋಗಿದ್ದು ಎಲ್ಲಿಗೆ ಹೋಯ್ತು?”

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನ ಹಾಗೆಯೇ ಕೇಳಿದ್ದಳು. ಆಚೆ ಜಗಲಿಯ ಮೇಲೆ ಹೊಂಬಾಳಮ್ಮ ಬಂದು ಕೂತ ಸದ್ದಾಯಿತು.

“ಬೆವರಲ್ಲಿ, ಉಚ್ಚೇಲಿ ಹೊರ್ಗೆ ಹೋಗ್ತದೆ. ಕೂಸಿಗೇನೂ ಆಗಲ್ಲ. ನೀನು ಸುಮ್ಕೆ ಯೋಚ್ನೆ ಮಾಡ್ಬ್ಯಾಡ” ಎಂದೆ. ತುಂಬ ಬೇಗ ಹೇಳಿಬಿಟ್ಟೆ. ನಗುನಗುತ್ತಾ ಹೇಳಿದೆ.

ಸುಗುಣ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ರೆಪ್ಪೆ ಬಡಿಯದೆ, ನನ್ನನ್ನು ಅನುಮಾನದಿಂದ ನೋಡಿದಳು.